ಹಾಲಿವುಡ್‌ನ ಸಂಗೀತಪ್ರಧಾನ ಚಿತ್ರಗಳ ಅಧ್ಯಯನಕ್ಕೆ ಜನಾಂಗದ ಪ್ರಶ್ನೆಯೇ ಕೇಂದ್ರವಾಗಬೇಕೆ?

ಪರ

ಬ್ರಿಟನ್ನಿನ ವಿದ್ವಾಂಸ ರಿಚರ್ಡ್ ಡೈಯರ್ 1977ರ ತಮ್ಮ ಪ್ರಬಂಧದಲ್ಲಿ, ನಿತ್ಯದ ಬದುಕಿನಲ್ಲಿ ಸಿಗದ ಸಮೃದ್ಧಿ, ಚೈತನ್ಯ, ಒಗ್ಗಟ್ಟುಗಳನ್ನು ಸಂಗೀತಪ್ರಧಾನ ಚಿತ್ರಗಳು ನೋಡುಗರಿಗೆ ಭಾವದ ರೂಪದಲ್ಲಿ ಒದಗಿಸುತ್ತವೆ ಎಂದು ವಾದಿಸಿದ್ದರು. ತೊಂಬತ್ತರ ದಶಕದಲ್ಲಿ ಅವರೇ ಬಿಳಿಯತನವನ್ನು, ಅಂದರೆ ಬಿಳಿಯರಾಗಿರುವುದನ್ನೇ ಸಹಜವೆಂದು ಕಾಣುವ ಬಗೆಯನ್ನು, ಅಧ್ಯಯನದ ವಸ್ತುವಾಗಿಸಿಕೊಂಡು, ಆ ಸುಖಲೋಕದಲ್ಲಿ ಮನಬಂದಂತೆ ಹಾಡಿ ಕುಣಿಯುವ ಅವಕಾಶ ಯಾರಿಗಿತ್ತು ಎಂದು ಕೇಳಿದರು.

ಉತ್ತರ ಚಿತ್ರಗಳ ರಚನೆಯಲ್ಲೇ ಇದೆ. ಹಾಲಿವುಡ್‌ನ ಚಿತ್ರನಿರ್ಮಾಣ ಸಂಸ್ಥೆ ಎಂಜಿಎಂ ಕರಿಯ ಗಾಯಕಿ ಲೀನಾ ಹಾರ್ನ್ ಅವರ ಹಾಡುಗಳನ್ನು ಹಲವು ಚಿತ್ರಗಳಲ್ಲಿ ಕಥೆಗೆ ಅಂಟದಂತೆ ಬಿಡಿಯಾಗಿ ಚಿತ್ರಿಸಿತು. ವರ್ಣಭೇದ ಬಲವಾಗಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಪ್ರದರ್ಶಕರು ಅವನ್ನು ಕತ್ತರಿಸಿದರೂ ಕಥೆಗೆ ಕುಂದು ಬರುತ್ತಿರಲಿಲ್ಲ. ಹಾಡು ಕಥೆಯೊಳಗೆ ಸಹಜವಾಗಿ ಬೆರೆಯುವುದನ್ನೇ ಈ ಪ್ರಕಾರದ ಹೆಚ್ಚುಗಾರಿಕೆಯೆಂದು ವಿಮರ್ಶಕರು ಹೊಗಳುತ್ತಾ ಬಂದರು, ಆದರೆ ಹಾಗೆ ಬೆರೆಯುವುದೇ ಬಣ್ಣ ನೋಡಿ ಕೊಟ್ಟ ಸವಲತ್ತಾಗಿತ್ತು. 1951ರ 'ಶೋ ಬೋಟ್'ನಲ್ಲಿ ಮಿಶ್ರ ಜನಾಂಗದ ಜೂಲಿಯ ಪಾತ್ರವೂ ಬಿಳಿಯ ನಟಿ ಏವಾ ಗಾರ್ಡ್ನರ್ ಪಾಲಾಯಿತು.

ಈ ಪ್ರಕಾರದ ಆರಂಭವೂ ಇದಕ್ಕೆ ಹೊರತಲ್ಲ. 1927ರ 'ದಿ ಜಾಝ್ ಸಿಂಗರ್'ನಲ್ಲಿ ಯಹೂದಿ ವಲಸಿಗರ ಮಗ ಮುಖಕ್ಕೆ ಕಪ್ಪು ಬಳಿದುಕೊಂಡು ರಂಗವೇರುತ್ತಾನೆ. ಬಿಳಿಯ ಅಮೆರಿಕನ್ನರ ಸಾಲಿಗೆ ಸೇರಲು ಯಹೂದಿ ವಲಸಿಗರಿಗೆ ಕರಿಯರ ಈ ಅಣಕುವೇಷವೇ ಹಾದಿಯಾಯಿತೆಂದು ವಿದ್ವಾಂಸ ಮೈಕೆಲ್ ರೋಗಿನ್ 1996ರ ಪುಸ್ತಕದಲ್ಲಿ ವಿವರಿಸಿದರು. ಕರಿಯರ, ಯಿಡ್ಡಿಷ್ ಮಾತಾಡುವ ಯಹೂದಿಗಳ, ಮೆಕ್ಸಿಕನ್ನರ ಸಂಗೀತಚಿತ್ರಗಳಿಂದ ಮುಖ್ಯಧಾರೆ ಪಡೆದ ಸಾಲವನ್ನು ವಿದುಷಿ ಡೆಸಿರೇ ಗಾರ್ಸಿಯಾ 2014ರಲ್ಲಿ ಗುರುತಿಸಿದರು. ಇಷ್ಟೆಲ್ಲ ತಿಳಿದ ಮೇಲೂ ಜನಾಂಗವನ್ನು ಒಂದು ಉಪಾಧ್ಯಾಯಕ್ಕೆ ಸೀಮಿತಗೊಳಿಸುವುದು ಚರಿತ್ರೆಯಾಗದು.

ವಿರೋಧ

ಮೇಲಿನ ಸಂಗತಿಗಳಲ್ಲಿ ಒಂದನ್ನೂ ಅಲ್ಲಗಳೆಯಬೇಕಿಲ್ಲ. ತಕರಾರಿರುವುದು ಅವು ಎಲ್ಲ ಚಿತ್ರಗಳಿಗೂ ಮೊದಲೇ ಸಿದ್ಧವಾದ ತೀರ್ಪಾಗುವ ಬಗ್ಗೆ. 1943ರ 'ಸ್ಟಾರ್ಮಿ ವೆದರ್'ನಲ್ಲಿ ಕರಿಯ ನೃತ್ಯಗಾರರಾದ ನಿಕೋಲಸ್ ಸಹೋದರರು ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರನ್ನೊಬ್ಬರು ಹಾರಿ ದಾಟುತ್ತಾ, ಕಾಲು ಚಾಚಿ ನೆಲಕ್ಕಿಳಿದು, ಕೈಯೂರದೆ ಮೇಲೇಳುವ ಕುಣಿತವಿದೆ. ಅನ್ಯಾಯಗಳ ಪಟ್ಟಿಗಷ್ಟೇ ಒಗ್ಗಿದ ಓದಿನ ಬಳಿ ಆ ಲಯದ ಬಗ್ಗೆ ಹೇಳಲು ಮಾತೇ ಇರುವುದಿಲ್ಲ, ಇದ್ದರೂ ಕಲಾವಿದರು ಅಲ್ಲಿ ಬರಿಯ ಬಲಿಪಶುಗಳಾಗಿ ಉಳಿಯುತ್ತಾರೆ. ಇದು ಅವರಿಗೆ ಮಾಡುವ ಎರಡನೆಯ ಅನ್ಯಾಯವೆಂದೇ ನನಗೆ ತೋರುತ್ತದೆ.

1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೋದ ಮರಿಯಾಳಾಗಿ ಬಿಳಿಯ ನಟಿ ನಟಾಲಿ ವುಡ್ ನಟಿಸಿದ್ದನ್ನೂ, ಪೋರ್ಟೊ ರಿಕೋದಲ್ಲೇ ಹುಟ್ಟಿದ ರೀಟಾ ಮೊರೆನೊಗೆ ಇನ್ನಷ್ಟು ಕಂದು ಬಣ್ಣ ಬಳಿದದ್ದನ್ನೂ ಟೀಕಿಸಲೇಬೇಕು. ಆದರೆ ಅದೇ ಚಿತ್ರದ ಮಾಳಿಗೆಯ ಹಾಡಿನಲ್ಲಿ ಹೆಂಗಸರು ಅಮೆರಿಕವನ್ನು ಹೊಗಳಿದರೆ ಗಂಡಸರು ತಿರುಗಿ ಚುಚ್ಚುತ್ತಾರೆ. ವಲಸಿಗರೊಳಗಿನ ಈ ಜಗಳ ಸಂಭಾಷಣೆಗಿಂತ ತಾಳದಲ್ಲಿ ಮೊನಚಾಗುತ್ತದೆ. ತಾಳವನ್ನು ಕೇಳದೆ ಇದನ್ನು ಗ್ರಹಿಸಲಾಗದು.

ಡೈಯರ್ ಅವರ ವೃತ್ತಿಜೀವನವೂ ಪರಪಕ್ಷ ಹೇಳಿದಲ್ಲಿಗೆ ಮುಗಿಯುವುದಿಲ್ಲ. ಅವರ 2011ರ ಪುಸ್ತಕದ ವಸ್ತು ಚಿತ್ರಗಳಲ್ಲಿ ಹಾಡು ಮಾಡುವ ಕೆಲಸ; ಲೀನಾ ಹಾರ್ನ್ ಅಲ್ಲಿ ಬರುವುದು ಆ ವಿಚಾರದ ಭಾಗವಾಗಿ.