ಮುಖ ನೋಡಿ ಮಣೆ ಹಾಕಿದ ಸಂಖ್ಯೆ

ನನಗೊಂದು ಚಾಳಿ ಇದೆ. ದೊಡ್ಡ ಸಂಖ್ಯೆ ಕಣ್ಣಿಗೆ ಬಿದ್ದರೆ ಅದನ್ನು ಒಡೆದು ನೋಡಲು ಕೈ ತುರಿಸುತ್ತದೆ. ಮೊನ್ನೆ ಸಿಕ್ಕಿದ್ದು 4294967297. ಅಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿ, ಮೇಲೆ ನಲವತ್ತೊಂಬತ್ತು ಲಕ್ಷ ಚಿಲ್ಲರೆ.

ಕೊನೆಯಲ್ಲಿ ಏಳು ಇರುವುದರಿಂದ ಎರಡೂ ಐದೂ ಹತ್ತಿರ ಸುಳಿಯುವಂತಿಲ್ಲ. ಅಂಕಿಗಳನ್ನೆಲ್ಲ ಕೂಡಿದರೆ 59, ಹಾಗಾಗಿ ಮೂರೂ ಬೇಡ. ಏಳು, ಹನ್ನೊಂದು, ಹದಿಮೂರು ಎಲ್ಲವೂ ಶೇಷ ಉಳಿಸಿಕೊಂಡು ವಾಪಸ್ ಬಂದವು. ಅರ್ಧ ಹಾಳೆ ತುಂಬುವಷ್ಟರಲ್ಲಿ ಇದು ಅವಿಭಾಜ್ಯವೇ ಇರಬೇಕು ಅನ್ನಿಸಿಬಿಟ್ಟಿತು.

ಹಾಗೆ ಅಂದುಕೊಂಡವರಲ್ಲಿ ನಾನು ಮೊದಲಿಗನಲ್ಲ, ಅದೇ ಸಮಾಧಾನ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಕೂಡ ಹಾಗೇ ನಂಬಿದ್ದರು. ಎರಡನ್ನು ವರ್ಗ ಮಾಡಿ, ಬಂದದ್ದನ್ನು ಮತ್ತೆ ವರ್ಗ ಮಾಡುತ್ತಾ ಹೋಗಿ: 2, 4, 16, 256, 65536. ಒಂದೊಂದಕ್ಕೂ ಒಂದು ಸೇರಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ! ಆರನೆಯದೇ ನಮ್ಮ ಈ ಮಹಾಶಯ. ಅಣ್ಣಂದಿರ ಮುಖ ನೋಡಿ ತಮ್ಮನಿಗೂ ಮಣೆ ಹಾಕಿದ ಹಾಗಾಯಿತು. ತಮಾಷೆ ಅಂದರೆ, ಆ ಐದನ್ನೂ ಗುಣಿಸಿ ಎರಡು ಕೂಡಿಸಿದರೆ ಸರಿಯಾಗಿ ಇವನೇ ಬರುತ್ತಾನೆ. ಹಾಗಾಗಿ ಅಣ್ಣಂದಿರಲ್ಲಿ ಯಾರೂ ಇವನನ್ನು ಒಡೆಯಲಾರರು. ಯಾರು ಭಾಗಿಸಿದರೂ ಎರಡು ಉಳಿದೇ ಉಳಿಯುತ್ತದೆ.

1732ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಗುಟ್ಟು ಬಯಲು ಮಾಡಿದರು: 641 × 6700417. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಇದನ್ನು ಸಾಧಿಸಿ ತೋರಿಸಿದವರೂ ಅವರೇ. ಅಲ್ಲಿಗೆ ನನ್ನ ಅರ್ಧ ಹಾಳೆ ಪೂರ್ತಿ ದಂಡ. ಅಂಥವನ್ನು ಮಾತ್ರ ಹುಡುಕಿ, 257 ಎಂಬ ಅಣ್ಣನನ್ನು ಬಿಟ್ಟರೆ, ಸಾಲಿನಲ್ಲಿ ನಿಲ್ಲುವುದು 193, 449, 577, 641. ನಾಲ್ಕೇ ಭಾಗಾಕಾರ! ಕೋಟೆಗೆ ಇಷ್ಟು ಹತ್ತಿರದಲ್ಲೇ ಬಾಗಿಲಿತ್ತು.

ನನಗೆ ಇನ್ನೂ ಇಷ್ಟವಾದದ್ದು ಬೇರೆ. ಈ ಸಂಖ್ಯೆ 65536ರ ವರ್ಗಕ್ಕೆ ಒಂದರ ವರ್ಗ ಕೂಡಿಸಿದ್ದು, ಅದು ಎದುರಿಗೇ ಕಾಣುತ್ತದೆ. ಆದರೆ 62264ರ ವರ್ಗಕ್ಕೆ 20449ರ ವರ್ಗ ಕೂಡಿಸಿದರೂ ಇದೇ ಬರುತ್ತದೆ. ಅವಿಭಾಜ್ಯವಾಗಿದ್ದರೆ ಹೀಗೆ ಎರಡು ಬಗೆಯಲ್ಲಿ ಒಡೆದುಕೊಳ್ಳಲು ಸಾಧ್ಯವೇ ಇಲ್ಲ. ಅಂದರೆ 641 ಯಾರೆಂದು ಗೊತ್ತಿಲ್ಲದೆಯೂ ಕಳ್ಳನನ್ನು ಹಿಡಿಯಬಹುದಿತ್ತು, ಅಲ್ವಾ? ಆ 62264 ಹೊಳೆಯಬೇಕಿತ್ತು, ಅಷ್ಟೇ.

ಆಯ್ಲರ್ ಹೇಳಿದ ಆ ಗುಣಾಕಾರವನ್ನು ಕೈಯಲ್ಲೇ ಮಾಡಿ ನೋಡಿದೆ. ಮೊದಲ ಸಲ ದಶಕ ಏರಿಸುವುದನ್ನು ಮರೆತು ಫರ್ಮಾರನ್ನೇ ಗೆಲ್ಲಿಸಿಬಿಟ್ಟಿದ್ದೆ. ಎರಡನೇ ಸಲ ಸರಿ ಬಂತು. ಈಗ ಹಾಳೆಯ ಕೆಳಗೆ 6700417 ಒಂದೇ ಕೂತಿದೆ. ಅದು ಅವಿಭಾಜ್ಯ, ಒಡೆಯುವುದಿಲ್ಲ ಅಂತ ಚೆನ್ನಾಗಿ ಗೊತ್ತು. ಆದರೂ ಸುಮ್ನೆ ಅಂಕಿ ಕೂಡಿಸಿ ನೋಡಿದೆ. ಇಪ್ಪತ್ತೈದು. ಮೂರರಿಂದ ಹೋಗಲ್ಲ.