ಏನನ್ನು ಹೂಳಬೇಕು ಸಾಹೇಬ್ರೆ?

ಪುಣೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಹಿಮ ತೆಗೆಯುವ ಸಲಿಕೆ ಹೇಗಿರಬೇಕು ಅಂತ ಹೇಳುವವರಿಗೆ ಇಲ್ಲಿ ಬರವಿಲ್ಲ. ಶನಿವಾರ ಸಿಂಹಗಡ ಹತ್ತುವ ನಮ್ಮ ಕನ್ನಡದವರ ಗುಂಪಿಗೆ ಈ ಚಳಿಗಾಲದಲ್ಲಿ ಹಿಮಾಚಲಕ್ಕೆ ಹೋಗಿ ಹಿಮದ ಮೇಲೆ ಟೆಂಟ್ ಹಾಕುವ ಹುಕಿ ಬಂತು. ಸಲಿಕೆ ನೋಡುವ ಕೆಲಸ ನನ್ನ ತಲೆಗೆ ಕಟ್ಟಿದರು.

ಮೊದಲು ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹಿಡಿ ಬಿಚ್ಚಿ ಬ್ಯಾಗಿನೊಳಗೆ ಬಚ್ಚಿಡುವಂಥ ಸಲಿಕೆ ಇದೆಯಾ ಅಂತ ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನನ್ನು ಹೂಳಬೇಕು ಸಾಹೇಬ್ರೆ?" ಅಂದ.

"ಹೂಳೋಕಲ್ಲ, ಹೂತು ಹೋದವರನ್ನ ತೆಗೆಯೋಕೆ" ಅಂದೆ. ಅವನು ಫೋನ್ ಕೈಗೆತ್ತಿಕೊಂಡ. ನಾನು ಹೊರಗೆ ಬಂದೆ.

ಹೇಳಿದ್ದು ಸುಳ್ಳೇನಲ್ಲ. ಹಿಮಕುಸಿತದಲ್ಲಿ ಸಿಕ್ಕವರನ್ನು ಸುಮಾರು 10 ನಿಮಿಷದೊಳಗೆ ತೆಗೆದರೆ ಬದುಕುವ ಆಸೆ ಜಾಸ್ತಿ, ಆಮೇಲೆ ಅದು ಸರ್ರನೆ ಇಳಿಯುತ್ತದೆ. ಕುಸಿದು ನಿಂತ ಹಿಮ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಮೊದಲು ತುಂಡು ತುಂಡಾಗಿ ಕತ್ತರಿಸಿ ಆಮೇಲೆ ಎತ್ತಬೇಕು. ಪ್ಲಾಸ್ಟಿಕ್ ಸಲಿಕೆ ಅಲ್ಲಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಅಲ್ಯೂಮಿನಿಯಂದೇ ಆಗಬೇಕು. ಹೀಗಾಗಿ ಮುಕ್ಕಾಲು ಕಿಲೋ ಆಸುಪಾಸಿನ, ಉದ್ದ ಮಾಡಬಹುದಾದ ಹಿಡಿಯ ಎರಡು ಸಲಿಕೆಗಳನ್ನು ಆನ್‌ಲೈನಲ್ಲಿ ತರಿಸಿದೆ. ಒಂದರ ಹಿಡಿ ಇಂಗ್ಲಿಷಿನ 'ಟಿ' ಥರ, ಇನ್ನೊಂದರದು 'ಡಿ' ಥರ. ಒಂದನ್ನು ವಾಪಸ್ ಕಳಿಸುವುದು ಅಂತ ಲೆಕ್ಕ.

"ರೀ, ಇದರ ದುಡ್ಡಲ್ಲಿ ಮಿಕ್ಸರ್ ಬರ್ತಿತ್ತು" ಅಂದಳು ಹೆಂಡತಿ. ಬರುತ್ತಿತ್ತು, ನಿಜ.

'ಟಿ' ಹಿಡಿ ಬ್ಯಾಗಿನಲ್ಲಿ ಕಡಿಮೆ ಜಾಗ ತಿನ್ನುತ್ತದೆ. 'ಡಿ' ಹಿಡಿಯನ್ನು ದಪ್ಪ ಗ್ಲೌಸ್ ಹಾಕಿದ ಕೈ ಚೆನ್ನಾಗಿ ಹಿಡಿಯುತ್ತದೆ. ಪರೀಕ್ಷೆ ಮಾಡದೆ ಹೇಗೆ ಆರಿಸುವುದು? ಹಿಮ ಇಲ್ಲ, ಆದರೆ ಪಕ್ಕದ ಹೊಸ ಬಿಲ್ಡಿಂಗಿನ ಮುಂದೆ ಉಸುಕಿನ ಗುಡ್ಡೆ ಇತ್ತು. ಹಗಲಲ್ಲಿ ಜನ ನೋಡುತ್ತಾರೆ ಅಂತ ರಾತ್ರಿ ಹೋದೆ. ಹೆಂಡತಿ ಓವನ್ನಿಗೆ ಬಳಸುವ ಹೂವಿನ ಚಿತ್ತಾರದ ದಪ್ಪ ಗ್ಲೌಸ್ ಹಾಕಿಕೊಂಡು, ಮಂಡಿಯೂರಿ, ಸರಿಯಾಗಿ ಅಗೆಯುತ್ತಿದ್ದೆ. 'ಡಿ'ಯೇ ಒಳ್ಳೆಯದು ಅಂತ ತೀರ್ಮಾನ ಆಗುವಷ್ಟರಲ್ಲಿ ವಾಚ್‌ಮನ್ ಟಾರ್ಚ್ ಬಿಟ್ಟ.

"ಪ್ರಾಕ್ಟೀಸ್ ಮಾಡ್ತಿದ್ದೀನಿ" ಅಂದೆ.

"ಗ್ಲೌಸ್ ಹಾಕ್ಕೊಂಡು?" ಅಂದ. ಬೆರಳಚ್ಚಿನ ವಿಷಯ ಅವನ ತಲೆಯಲ್ಲಿ ಓಡುತ್ತಿತ್ತು ಅಂತ ಕಾಣುತ್ತದೆ.

ಶನಿವಾರ ಗಡದ ಮೇಲೆ ಪಿಠಲ ಭಾಕರಿ ತಿನ್ನುವಾಗ 'ಡಿ' ಸಲಿಕೆಯನ್ನು ಎಲ್ಲರಿಗೂ ತೋರಿಸಿದೆ. ಹಿಮದಡಿ ಸಿಕ್ಕವರನ್ನು ಹುಡುಕಲು ಬೀಕನ್ ಅನ್ನುವ ಸಿಗ್ನಲ್ ಕಳಿಸಿ ಹಿಡಿಯುವ ಪುಟ್ಟ ಯಂತ್ರ, ಪ್ರೋಬ್ ಅನ್ನುವ ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು ಕೂಡ ಬೇಕು, ಪ್ರತಿಯೊಬ್ಬರೂ ತಮ್ಮದೇ ಒಂದೊಂದು ಸೆಟ್ ಹೊರಬೇಕು ಅಂದೆ.

"ಗುಂಪಿಗೆ ಒಂದು ಸಲಿಕೆ ಸಾಕಲ್ವಾ?" ಅಂದರು ನಮ್ಮ ಹಿರಿಯರು.

"ಸಲಿಕೆ ಹೊತ್ತವನೇ ಹಿಮದಡಿ ಹೋದ್ರೆ?"

ಅವರು ಭಾಕರಿ ಮುರಿಯುತ್ತಾ ಯೋಚಿಸಿದರು. "ಹಂಗಾದ್ರೆ ನೀವು ಎಲ್ಲರಿಗಿಂತ ಹಿಂದೆ ಬರ್ರಿ."