ಒಂದೇ ಆಟ ಹಿಡಿ ಅನ್ನುವವರಿಗೆ ಲೆಮ್ಮಿಂಗ್ ಕಥೆ

"ಇನ್ನೂ ಹತ್ತು ವರ್ಷದ ಹುಡುಗಿ. ಎಲ್ಲ ಆಡಲಿ ಬಿಡಿ." ಸ್ವೀಡನ್ನಿನ ಗೋಥೆನ್‌ಬರ್ಗಿನ ಅಥ್ಲೆಟಿಕ್ಸ್ ಕ್ಲಬ್ಬಿನಲ್ಲಿ ಕೋಚ್ ಹೀಗೆ ನಕ್ಕಾಗ ನನಗೆ ಸ್ವಲ್ಪ ಚುರ್ ಅಂದಿತು. ಮಗಳಿಗೆ ಯಾವ ಈವೆಂಟ್ ಒಗ್ಗುತ್ತದೆ ಅಂತ ಕೇಳಿದ್ದೆ, ಅಷ್ಟೇ. ಆತ ಸಂಬಳದ ಕೋಚ್ ಕೂಡ ಅಲ್ಲ, ಇನ್ನೊಂದು ಮಗುವಿನ ಅಪ್ಪ. ಆ ಸಂಜೆ ಮಕ್ಕಳು ಓಡಿದರು, ಹಾರಿದರು. ಕೊನೆಗೆ ಬಾಲ ಇರುವ ಸ್ಪಂಜಿನ ಚೆಂಡನ್ನು ಈಟಿ ಎಸೆದ ಹಾಗೆ ಎಸೆದರು. ಎಷ್ಟು ದೂರ ಹೋಯಿತು ಅಂತ ಯಾರೂ ಬರೆದುಕೊಳ್ಳಲಿಲ್ಲ.

ಇದೇ ಊರಲ್ಲಿ 1880ರಲ್ಲಿ ಹುಟ್ಟಿದ ಎರಿಕ್ ಲೆಮ್ಮಿಂಗ್ ಕೂಡ ಸಿಕ್ಕಿದ್ದನ್ನೆಲ್ಲ ಆಡಿದವನು. ಹತ್ತೊಂಬತ್ತಕ್ಕೇ ಜಾವೆಲಿನ್ 49.32 ಮೀಟರ್ ಎಸೆದು ಜಗತ್ತಿಗೇ ಮುಂದಾಗಿದ್ದ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದರೆ ಅಲ್ಲಿ ಜಾವೆಲಿನ್ ಸ್ಪರ್ಧೆಯೇ ಇಲ್ಲ! ಹಾಗಂತ ಸುಮ್ನೆ ಕೂರಲಿಲ್ಲ. ಹೈಜಂಪ್, ಪೋಲ್‌ವಾಲ್ಟ್, ಹ್ಯಾಮರ್, ಡಿಸ್ಕಸ್, ಎಲ್ಲಕ್ಕೂ ಇಳಿದ. ಪದಕ ಒಂದೂ ಬರಲಿಲ್ಲ. 1906ರ ಅಥೆನ್ಸ್ ಕ್ರೀಡಾಕೂಟದಲ್ಲಿ ಜಾವೆಲಿನ್ ಚಿನ್ನದ ಜೊತೆಗೆ ಗುಂಡು ಎಸೆತ, ಐದು ಸ್ಪರ್ಧೆ ಸೇರಿದ ಪೆಂಟಾಥ್ಲಾನ್, ಕೊನೆಗೆ ಹಗ್ಗಜಗ್ಗಾಟದಲ್ಲೂ ಕಂಚು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಜಾವೆಲಿನ್ ಎರಡು ಬಗೆ: ಹೇಗೆ ಬೇಕಾದರೂ ಹಿಡಿದು ಎಸೆಯುವುದು ಒಂದು, ಮಧ್ಯದಲ್ಲೇ ಹಿಡಿಯಬೇಕಾದ್ದು ಇನ್ನೊಂದು. ಎರಡೂ ಚಿನ್ನ ಇವನದೇ.

ನನಗೆ ಜಾಸ್ತಿ ಇಷ್ಟವಾಗುವುದು 1912ರ ಸ್ಟಾಕ್‌ಹೋಮ್. ತನ್ನ ಜನರ ಮುಂದೆ 60.64 ಮೀಟರ್ ಎಸೆದು ಚಿನ್ನ ಗೆದ್ದ. ಆಮೇಲೆ ಬಲಗೈ, ಎಡಗೈ ಎರಡರ ದೂರವನ್ನೂ ಕೂಡಿಸುವ ಇನ್ನೊಂದು ಸ್ಪರ್ಧೆ. ಅದರಲ್ಲಿ ಮೂರೂ ಪದಕ ಫಿನ್ಲೆಂಡಿನವರ ಪಾಲಾಯಿತು, ಲೆಮ್ಮಿಂಗ್ ನಾಲ್ಕನೆಯವನು. ಸಾಲದ್ದಕ್ಕೆ ಗೆದ್ದ ಸಾರಿಸ್ಟೊ ಬಲಗೈಯಲ್ಲಿ 61 ಮೀಟರ್ ಎಸೆದುಬಿಟ್ಟ. 60.64ಕ್ಕೆ ಚಿನ್ನ ಗೆದ್ದಿದ್ದ ಲೆಮ್ಮಿಂಗ್‌ಗೆ ಅದು ಎಷ್ಟು ಉರಿದಿರಬೇಕು, ಅಲ್ವಾ? ಸೆಪ್ಟೆಂಬರಿನಲ್ಲಿ ಲೆಮ್ಮಿಂಗ್ 62.32 ಎಸೆದ. ಜಾವೆಲಿನ್ನಿನ ಮೊದಲ ಅಧಿಕೃತ ವಿಶ್ವದಾಖಲೆ ಅದೇ.

ನಮ್ಮ ಮನೆಯಲ್ಲಾಗಿದ್ದರೆ ಪ್ಯಾರಿಸ್ಸಿನಿಂದ ಬರಿಗೈಯಲ್ಲಿ ಬಂದವನನ್ನು ಮರುದಿನವೇ ಟ್ಯೂಷನ್ನಿಗೆ ಕಳಿಸುತ್ತಿದ್ದರು. ಮಗಳು ಕ್ಲಬ್ಬಿಗೆ ಹೋಗುತ್ತಾಳೆ ಅಂದಾಗ ದಾವಣಗೆರೆಯಿಂದ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಸರ್ಟಿಫಿಕೇಟ್ ಕೊಡ್ತಾರೇನೋ?" ಭಾವನದು ಇನ್ನೂ ಮುಂದೆ. "ಒಂದನ್ನೇ ಗಟ್ಟಿಯಾಗಿ ಹಿಡಿಸು ಮಾರಾಯ, ನಾಳೆ ಸ್ಪೋರ್ಟ್ಸ್ ಕೋಟಾಕ್ಕಾದರೂ ಆಗುತ್ತೆ." ಆಟ ಅಂದರೆ ನಮಗೆ ಸೀಟಿಗೆ ಇನ್ನೊಂದು ದಾರಿ. ಸಿಟ್ಟು ಬರುತ್ತದೆ.

ಹಾಗೆ ನೋಡಿದರೆ ನಮ್ಮ ಶಾಲೆಯ ಪಿಟಿ ಮೇಷ್ಟ್ರೂ ತಾಲ್ಲೂಕು ಕ್ರೀಡಾಕೂಟದಲ್ಲಿ ನನ್ನಿಂದ ನೂರು ಮೀಟರ್ ಓಡಿಸಿ, ಏದುಸಿರು ನಿಲ್ಲುವ ಮುಂಚೆ ಗುಂಡು ಎಸೆಸಿದ್ದರು. ಹುಡುಗರು ಸಾಲದೆ ಮಾಡಿದ್ದು, ಇರಲಿ. ಲೆಮ್ಮಿಂಗ್ ಕಾಲದ ಪೈಪೋಟಿಯೂ ಇವತ್ತಿನಷ್ಟಿರಲಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದಾಗ ಎದ್ದ ಆ ಕೂಗನ್ನು ಇಲ್ಲಿ ಮೊಬೈಲಿನಲ್ಲಿ ಕೇಳಿಯೇ ಮೈ ಜುಮ್ಮೆಂದಿತು. ನೀರಜ್ ಪೋಲ್‌ವಾಲ್ಟ್‌ಗೂ ಹೋಗಲಿಲ್ಲ, ಹಗ್ಗವನ್ನೂ ಎಳೆಯಲಿಲ್ಲ. ಒಂದನ್ನೇ ಗಟ್ಟಿಯಾಗಿ ಹಿಡಿದವನು. ಭಾವನ ಮುಂದೆ ಮಾತ್ರ ನಾನು ಇದನ್ನು ಒಪ್ಪಿಕೊಳ್ಳುವುದಿಲ್ಲ.